ಪಿಯುಸಿ ಕೈಕೊಟ್ಟ ಮೇಲೆ ಎನ್‌ಐಒಎಸ್: ಒಂದೂವರೆ ವರ್ಷ ಬಳಸಿ ನೋಡಿದ ಮೇಲೆ ಬರೆದದ್ದು

ನನ್ನ ತಮ್ಮ ಸೆಕೆಂಡ್ ಪಿಯುಸಿಯಲ್ಲಿ ಮೂರು ಸಲ ಫೇಲ್ ಆದ. ಮೂರೂ ಒಂದೇ ವರ್ಷದಲ್ಲಿ. 2024ರಲ್ಲಿ ನಮ್ಮ ರಾಜ್ಯದಲ್ಲಿ ಪರೀಕ್ಷೆ 1, 2, 3 ಅಂತ ಮೂರು ಅವಕಾಶ ಕೊಡಲು ಶುರು ಮಾಡಿದರಲ್ಲ, ಆ ಮೊದಲ ಬ್ಯಾಚಿನವನು. ವ್ಯವಸ್ಥೆಯ ಬಗ್ಗೆ ನನ್ನ ತಕರಾರಿಲ್ಲ, ಒಂದೆರಡು ವಿಷಯ ತಪ್ಪಿಹೋದ ಮಕ್ಕಳಿಗೆ ಅದು ವರ್ಷ ಉಳಿಸುತ್ತದೆ. ಆದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ತಲೆಗೆ ಹತ್ತದ ಹುಡುಗನಿಗೆ ಏಪ್ರಿಲ್‌ನಲ್ಲಿ ಒಂದು ಸಲ, ಮೇನಲ್ಲಿ ಒಂದು ಸಲ, ಜುಲೈನಲ್ಲಿ ಇನ್ನೊಂದು ಸಲ ರಿಸಲ್ಟ್ ನೋಡುವುದು ಅಂದರೆ ಏನು ಅಂತ ಆ ಮನೆಯಲ್ಲಿ ಇದ್ದವರಿಗೇ ಗೊತ್ತು. ಮೂರನೇ ಸಲ ಅವನು ಮೊಬೈಲ್ ತೆಗೆದು ನೋಡಲೂ ಇಲ್ಲ. "ಅಕ್ಕಾ, ನೀನೇ ನೋಡಿ ಹೇಳು" ಅಂದು ಹಿತ್ತಲಿಗೆ ಹೋಗಿ ನಿಂತ.

ಆಮೇಲೆ ಮಾಮನ ಎಲೆಕ್ಟ್ರಿಕಲ್ ಅಂಗಡಿ ಸೇರಿದ. ವೈರು, ಸ್ವಿಚ್ಚು, ಬಲ್ಬು ಮಾರುವ ಸಣ್ಣ ಅಂಗಡಿ. ಜೊತೆಗೆ ನಾನು ಅವನನ್ನು ಎನ್‌ಐಒಎಸ್‌ಗೆ ಸೇರಿಸಿದೆ. ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ದಿನಾ ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಬೋರ್ಡು. ಇದರ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಸಿಗುವುದರಲ್ಲಿ ಅರ್ಧ ಏಜೆಂಟರ ಜಾಹೀರಾತು, ಇನ್ನರ್ಧ "ಅದಕ್ಕೆ ಬೆಲೆ ಇಲ್ಲ" ಅನ್ನುವವರ ಮಾತು. ಬಳಸಿದವರು ಬರೆದದ್ದು ಕಡಿಮೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಯಾಕೆ ಹಿಡಿದುಕೊಂಡೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಇದಕ್ಕೆ ಬೆಲೆ ಇದೆಯೋ ಇಲ್ಲವೋ ಅನ್ನುವ ಮಾತು. ಇದು ನಿನ್ನೆ ಮೊನ್ನೆ ಹುಟ್ಟಿದ ಸಂಸ್ಥೆ ಅಲ್ಲ. 1979ರಲ್ಲಿ ಸಿಬಿಎಸ್‌ಇ ಒಳಗೆ ಒಂದು ಪ್ರಯೋಗದ ಹಾಗೆ ಶುರುವಾಗಿ, 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಅಂತ ಬೇರೆಯಾಯಿತು. ಈಗಿನ ಹೆಸರು ಬಂದದ್ದು 2002ರಲ್ಲಿ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ ಬರುತ್ತದೆ, ಮುಖ್ಯ ಕಚೇರಿ ನೋಯ್ಡಾದಲ್ಲಿ, ನಮಗೆ ಬೆಂಗಳೂರಿನಲ್ಲೇ ಪ್ರಾದೇಶಿಕ ಕೇಂದ್ರ ಇದೆ. ಸಿಬಿಎಸ್‌ಇ ಹೇಗೆ ಒಂದು ಬೋರ್ಡೋ ಇದೂ ಹಾಗೇ ಒಂದು ಬೋರ್ಡು. ನಮ್ಮ ದೊಡ್ಡಪ್ಪನಿಗೆ ಇದನ್ನು ನಾಲ್ಕು ಸಲ ಹೇಳಿದ್ದೇನೆ. ಈಗಲೂ ಮದುವೆ ಮನೆಯಲ್ಲಿ ಸಿಕ್ಕರೆ "ಅದೇ, ಆ ಕರೆಸ್ಪಾಂಡೆನ್ಸ್ ಓದುತ್ತಾನಲ್ಲ ಹುಡುಗ" ಅಂತಲೇ ಶುರು.

ನಮಗೆ ಅನುಕೂಲವಾಗಿದ್ದು ಕ್ರೆಡಿಟ್ ವರ್ಗಾವಣೆ. ಟಿಒಸಿ ಅಂತ ಕರೆಯುತ್ತಾರೆ. ಬೇರೆ ಮಾನ್ಯತೆ ಇರುವ ಬೋರ್ಡಿನಲ್ಲಿ ಪಾಸಾದ ವಿಷಯಗಳಲ್ಲಿ ಎರಡನ್ನು ಇಲ್ಲಿಗೆ ತರಬಹುದು. ಆ ವಿಷಯ ಇವರ ಪಟ್ಟಿಯಲ್ಲೂ ಇರಬೇಕು, ಅಷ್ಟೇ. ತಮ್ಮ ಪಿಯುಸಿಯಲ್ಲಿ ಕನ್ನಡ, ಇಂಗ್ಲಿಷ್, ಕಂಪ್ಯೂಟರ್ ಸೈನ್ಸ್ ಪಾಸಾಗಿದ್ದ. ಇಂಗ್ಲಿಷ್, ಕಂಪ್ಯೂಟರ್ ಸೈನ್ಸ್ ತಂದೆವು. ಸೀನಿಯರ್ ಸೆಕೆಂಡರಿಗೆ, ಅಂದರೆ ಇಲ್ಲಿಯ ಹನ್ನೆರಡನೇ ತರಗತಿಗೆ, ಒಟ್ಟು ಐದು ವಿಷಯ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಅಲ್ಲಿಗೆ ಎರಡು ಮುಗಿದ ಹಾಗೆ, ಉಳಿದದ್ದು ಮೂರು. ಫೇಲಾದ ಮೂರನ್ನೇ ಮತ್ತೆ ಬರೆಯಬೇಕು ಅಂತ ಇಲ್ಲವೇ ಇಲ್ಲ. ಈ ಒಂದು ವಾಕ್ಯ ಓದಿ ಹೇಳಿದಾಗ ಅವನ ಮುಖ ನೋಡಬೇಕಿತ್ತು.

ವಿಷಯ ಆರಿಸುವಾಗ ಮಾತ್ರ ಜಗಳವಾಯಿತು. ಯಾರೋ ಗೆಳೆಯ ಹೇಳಿದ್ದನಂತೆ, ಯಾವುದು ಸುಲಭವೋ ಅದನ್ನೇ ತಗೋ ಅಂತ. ಪಟ್ಟಿಯಲ್ಲಿ ಏನೇನೋ ಇದೆ: ಪೇಂಟಿಂಗ್, ಹೋಮ್ ಸೈನ್ಸ್, ಸೈಕಾಲಜಿ, ಸಮೂಹ ಸಂವಹನ, ಡೇಟಾ ಎಂಟ್ರಿ, ಪ್ರವಾಸೋದ್ಯಮ, ಕಾನೂನು ಪರಿಚಯ, ಲೈಬ್ರರಿ ವಿಜ್ಞಾನ. ಎಲ್ಲ ಒಳ್ಳೆಯ ವಿಷಯಗಳೇ. ಆದರೆ ನಾನು ಕೇಳಿದ್ದು ಒಂದೇ ಪ್ರಶ್ನೆ, ಪಾಸಾದ ಮೇಲೆ ಯಾವ ಬಾಗಿಲಿಗೆ ಹೋಗುತ್ತೀಯ? ಇಂಜಿನಿಯರಿಂಗ್ ಬೇಕು ಅನ್ನುವವನು ಫಿಸಿಕ್ಸ್, ಮ್ಯಾಥ್ಸ್ ಬಿಟ್ಟು ಬೇರೆ ಐದು ಪಾಸಾದರೆ ಸರ್ಟಿಫಿಕೇಟ್ ಸಿಗುತ್ತದೆ, ಸೀಟು ಸಿಗುವುದಿಲ್ಲ. ಏಜೆಂಟರು ಈ ಮಾತು ಹೇಳುವುದೇ ಇಲ್ಲ, ಅವರಿಗೆ ಅಡ್ಮಿಷನ್ ಆದರೆ ಮುಗಿಯಿತು. ಕೊನೆಗೆ ಬಿ.ಕಾಂ ಕಡೆ ಹೋಗುವುದು ಅಂತ ತೀರ್ಮಾನ ಆಗಿ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಎಕನಾಮಿಕ್ಸ್ ತಗೊಂಡ. ಕೋಡ್ ನಂಬರು 320, 319, 318. ಈ ನಂಬರುಗಳು ಈಗ ನಮ್ಮಮ್ಮನಿಗೂ ಬಾಯಿಪಾಠ.

ಮೆಡಿಕಲ್ ಆಸೆ ಇರುವವರು ಓಪನ್ ಸ್ಕೂಲ್ ಅಂದರೆ ನೀಟ್ ಬರೆಯಲು ಬಿಡುತ್ತಾರಾ ಅಂತ ಕೇಳುತ್ತಾರೆ. ಹಿಂದೆ ಅದಕ್ಕೆ ತಡೆ ಇತ್ತು, 2018ರಲ್ಲಿ ದೆಹಲಿ ಹೈಕೋರ್ಟು ಆ ನಿಯಮವನ್ನು ತಳ್ಳಿಹಾಕಿತು. ಆದರೂ ನೀಟ್‌ಗೆ ಕೂರುವವರು ಆ ವರ್ಷದ ಮಾಹಿತಿ ಪುಸ್ತಕವನ್ನು ತಾವೇ ಒಮ್ಮೆ ಓದಿಬಿಡಿ, ಪಕ್ಕದ ಮನೆಯವರ ಮಾತು ನಂಬಬೇಡಿ. ನನ್ನ ಮಾತನ್ನೂ ಸೇರಿಸಿ ಹೇಳುತ್ತಿದ್ದೇನೆ.

ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಫೋಟೋ, ಟಿಒಸಿಗೆ ಪಿಯುಸಿ ಅಂಕಪಟ್ಟಿ. ಕನಿಷ್ಠ 15 ವರ್ಷ ಆಗಿರಬೇಕು, ಮೇಲಿನ ಮಿತಿ ಇಲ್ಲ. ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ, ಅಂಗವಿಕಲರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ. ಇದನ್ನು ಯಾರ ಅಂಗಡಿಗೂ ಹೋಗದೆ ಮನೆಯಲ್ಲಿ ಕೂತು ಮಾಡಿದೆವು. ಒಂದು ಸಂಜೆ ಹಿಡಿಯಿತು, ಅದರಲ್ಲಿ ಮುಕ್ಕಾಲು ಪಾಲು ಅವನ ಸಹಿಯನ್ನು ಬಿಳಿ ಹಾಳೆಯಲ್ಲಿ ನೆಟ್ಟಗೆ ಫೋಟೋ ತೆಗೆಯುವುದಕ್ಕೆ ಹೋಯಿತು.

"ಒಂದೇ ವರ್ಷದಲ್ಲಿ ಪಿಯುಸಿ, ಪಾಸ್ ಗ್ಯಾರಂಟಿ" ಅಂತ ಲೈಟು ಕಂಬಕ್ಕೆ ಅಂಟಿಸಿರುತ್ತಾರಲ್ಲ, ಅಂಥ ಒಬ್ಬರಿಗೆ ಮೊದಲು ಫೋನ್ ಮಾಡಿದ್ದೆವು. ಹೆಸರು ಬೇಡ. ಆ ಮನುಷ್ಯ ಬೋರ್ಡಿನ ಹೆಸರೇ ಸರಿಯಾಗಿ ಹೇಳಲಿಲ್ಲ. "ಮೇಡಂ, ನೀವು ಹುಡುಗನ್ನ ಕಳ್ಸಿ ಸಾಕು, ಬರೆಯೋದು ಗಿರೆಯೋದು ಎಲ್ಲ ನಾವು ನೋಡ್ಕೋತೀವಿ" ಅಂದರು. ಫೋನಿಟ್ಟೆ. ಗೊತ್ತಿರಲಿ, ಹತ್ತನೇ ತರಗತಿ ಪಾಸಾದದ್ದಕ್ಕೂ ಸೀನಿಯರ್ ಸೆಕೆಂಡರಿ ಸರ್ಟಿಫಿಕೇಟ್‌ಗೂ ನಡುವೆ ಎರಡು ವರ್ಷ ಇರಬೇಕು ಅನ್ನುವುದು ಎನ್‌ಐಒಎಸ್‌ನ ನಿಯಮ. ಹೋದ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದವನಿಗೆ ಈ ವರ್ಷ ಪಿಯುಸಿ ಕೊಡಿಸುತ್ತೇವೆ ಅನ್ನುವವರನ್ನು ಕಂಡರೆ ದೂರ ಇರಿ.

ಈಗ ಅರ್ಧ ಅಂಕ ಹಿಡಿದ ಜಾಗಕ್ಕೆ ಬರುತ್ತೇನೆ. ಮಕ್ಕಳಿಗೆ ಆಸರೆ ಅಂತ ಕಾಗದದ ಮೇಲೆ ಇರುವುದು ಸ್ಟಡಿ ಸೆಂಟರು. ಯಾವುದಾದರೂ ಶಾಲೆ ಕಾಲೇಜಿಗೆ ಮಾನ್ಯತೆ ಕೊಟ್ಟಿರುತ್ತಾರೆ, ರಜಾದಿನ ಅಥವಾ ಭಾನುವಾರ ಅಲ್ಲಿ ಸಂಪರ್ಕ ತರಗತಿ ನಡೆಯಬೇಕು. ನಮಗೆ ಸಿಕ್ಕ ಸೆಂಟರು ಜಿಲ್ಲಾ ಕೇಂದ್ರದಲ್ಲಿ, ಬಸ್ಸಿನಲ್ಲಿ ಒಂದು ಗಂಟೆ. ಮೊದಲ ಭಾನುವಾರ ಒಬ್ಬರು ಮೇಷ್ಟ್ರು ಬಂದು ಎಕನಾಮಿಕ್ಸ್ ಮಾಡಿದರು, ಚೆನ್ನಾಗಿಯೇ ಮಾಡಿದರಂತೆ. ಎರಡನೇ ಭಾನುವಾರ ಅವರೇ ಬಂದು ಬಿಸಿನೆಸ್ ಸ್ಟಡೀಸ್ ಪುಸ್ತಕ ಓದಿಸಿದರು. ಮೂರನೇ ಭಾನುವಾರ ಗೇಟಿಗೆ ಬೀಗ. ಹುಡುಗ ಒಂಬತ್ತೂವರೆಯಿಂದ ಹನ್ನೊಂದರ ತನಕ ಗೇಟಿನ ಮುಂದೆ ಟೀ ಅಂಗಡಿಯಲ್ಲಿ ಕೂತು, ಜೊತೆಗೆ ಬಂದ ಇನ್ನಿಬ್ಬರ ನಂಬರ್ ತಗೊಂಡು ವಾಪಸ್ ಬಂದ. ಸೋಮವಾರ ಫೋನ್ ಮಾಡಿದರೆ ಅಲ್ಲಿಯ ಗುಮಾಸ್ತರು, "ಇದು ಓಪನ್ ಸ್ಕೂಲ್ ಅಲ್ವಾ ಮೇಡಂ, ಹುಡುಗರು ತಾವೇ ಓದ್ಕೋಬೇಕು" ಅಂದರು. ಅಕೌಂಟೆನ್ಸಿಗಂತೂ ಕೊನೆಯ ತನಕ ಯಾರೂ ಬರಲಿಲ್ಲ. ಎಲ್ಲ ಸೆಂಟರೂ ಹೀಗೇ ಅಂತ ನಾನು ಹೇಳುವುದಿಲ್ಲ. ನೀವು ಅರ್ಜಿ ತುಂಬುವಾಗ ಸೆಂಟರು ಆರಿಸಲು ಅವಕಾಶ ಇರುತ್ತದೆ. ಮನೆಗೆ ಯಾವುದು ಹತ್ತಿರ ಅನ್ನುವುದಕ್ಕಿಂತ ಅಲ್ಲಿ ಓದುತ್ತಿರುವ ಒಬ್ಬ ಹುಡುಗನನ್ನು ಹಿಡಿದು ಭಾನುವಾರ ಕ್ಲಾಸ್ ನಡೆಯುತ್ತಾ ಅಂತ ಕೇಳಿ ಆಮೇಲೆ ಆರಿಸಿ. ನಾವು ಕೇಳಲಿಲ್ಲ.

ಟೀ ಅಂಗಡಿಯಲ್ಲಿ ನಂಬರ್ ತಗೊಂಡ ಆ ಇಬ್ಬರಿದ್ದರಲ್ಲ, ಅವರೇ ಆಮೇಲೆ ಅವನ ಕ್ಲಾಸು. ಒಬ್ಬನು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ, ಇನ್ನೊಬ್ಬಳು ಖೋಖೋ ಆಡುವ ಹುಡುಗಿ, ಟೂರ್ನಮೆಂಟ್ ಅಂತ ಹೋಗಿ ಕಾಲೇಜಿನಲ್ಲಿ ಹಾಜರಾತಿ ಕಡಿಮೆಯಾಗಿ ಇಲ್ಲಿಗೆ ಬಂದವಳು. ಮೂವರೂ ರಾತ್ರಿ ಹತ್ತಕ್ಕೆ ಫೋನಿನಲ್ಲಿ ಮಾತಾಡಿಕೊಂಡು ಓದುತ್ತಿದ್ದರು. ಓದುತ್ತಿದ್ದರೋ ನಗುತ್ತಿದ್ದರೋ ಅಂತ ಅಮ್ಮನಿಗೆ ಅನುಮಾನ ಇತ್ತು.

ಪುಸ್ತಕಗಳ ಬಗ್ಗೆ ಮಾತ್ರ ಪೂರ್ತಿ ಅಂಕ. ಅಡ್ಮಿಷನ್ ಜೊತೆಗೇ ಬರುತ್ತವೆ, ವೆಬ್‌ಸೈಟಿನಲ್ಲಿ ಉಚಿತವಾಗಿಯೂ ಸಿಗುತ್ತವೆ. ಮೇಷ್ಟ್ರು ಇಲ್ಲದೆ ಓದುವವನಿಗೆ ಅಂತಲೇ ಬರೆದಿದ್ದಾರೆ. ಸ್ವಲ್ಪ ಓದಿದ ಕೂಡಲೇ ಸಣ್ಣ ಪ್ರಶ್ನೆಗಳು, ಪಾಠದ ಕೊನೆಯಲ್ಲಿ ಉತ್ತರ. ಸ್ವಯಂಪ್ರಭಾ ಚಾನೆಲ್‌ನಲ್ಲಿ ಪಾಠದ ವಿಡಿಯೋಗಳೂ ಬರುತ್ತವೆ. ತಮ್ಮ ಮೊದಲು ಒಂದೂವರೆ ಪಟ್ಟು ವೇಗದಲ್ಲಿ ಹಾಕಿಕೊಂಡು ನೋಡುತ್ತಿದ್ದ, ಆಮೇಲೆ ಬಿಟ್ಟ. ಅವನಿಗೆ ಹತ್ತಿದ್ದು ಪುಸ್ತಕವೇ. ತೊಡಕು ಇರುವುದು ಇಂಗ್ಲಿಷಿನಲ್ಲಿ. ಪಿಯುಸಿ ತನಕ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಕ್ಕೆ ಇವನು ಹೇಗೋ ನಿಭಾಯಿಸಿದ. ಹತ್ತರ ತನಕ ಕನ್ನಡದಲ್ಲಿ ಓದಿದ ಹಳ್ಳಿ ಮಕ್ಕಳಿಗೆ ಒಬ್ಬರೇ ಕೂತು ಈ ಪುಸ್ತಕ ಓದುವುದು ಕಷ್ಟ. ಅವರಿಗೆ ಪಕ್ಕದಲ್ಲಿ ಒಬ್ಬರು ಬೇಕೇ ಬೇಕು.

ಅಕೌಂಟೆನ್ಸಿ ಅವನಿಗೆ ಹತ್ತಿದ ಕಥೆ ಹೇಳಲೇಬೇಕು. ಡೆಬಿಟ್, ಕ್ರೆಡಿಟ್ ಎರಡು ತಿಂಗಳಾದರೂ ಉಲ್ಟಾ ಹೊಡೆಯುತ್ತಿತ್ತು. ಬಂದದ್ದು ಡೆಬಿಟ್ಟೋ ಹೋದದ್ದು ಡೆಬಿಟ್ಟೋ ಅಂತ ಗೋಡೆ ನೋಡುತ್ತಾ ಕೂರುತ್ತಿದ್ದ. ನನಗೂ ಕಾಮರ್ಸ್ ಗೊತ್ತಿಲ್ಲ. ಒಂದು ದಿನ ಅಂಗಡಿಗೆ ಹೋದಾಗ ಕೌಂಟರ್ ಮೇಲೆ ಮಾಮನ ಉದ್ರಿ ಪುಸ್ತಕ ಕಾಣಿಸಿತು. ಉದ್ದನೆಯ ಕೆಂಪು ರಟ್ಟಿನ ಪುಸ್ತಕ, ಒಳಗೆ ಮಾಮನ ಕಾಗೆ ಕಾಲಿನ ಅಕ್ಷರ. "ಮೇಸ್ತ್ರಿ, ವೈರ್ ಎರಡು ಕಾಯಿಲ್, 500 ಬಂತು." "ಗೌಡರ ಮನೆ, ಫ್ಯಾನ್ ರೆಗ್ಯುಲೇಟರ್, ಆಮೇಲೆ." ಈ ಮೇಸ್ತ್ರಿ ನಮಗೆ ಕೊಡಬೇಕಾದವನು, ಅವನ ಹೆಸರಲ್ಲಿ ಎಡಗಡೆ ಬರಿ, ದುಡ್ಡು ಕೊಟ್ಟಾಗ ಬಲಗಡೆ ಬರಿ ಅಂದೆ. ಅಷ್ಟೇ ನಾನು ಹೇಳಿದ್ದು, ಅದೂ ಅವನ ಪುಸ್ತಕದಲ್ಲಿ ಅರ್ಧ ಗಂಟೆ ಮುಂಚೆ ಓದಿ. ಆ ರಾತ್ರಿ ಇಡೀ ಉದ್ರಿ ಪುಸ್ತಕವನ್ನು ಒಂದು ನೂರು ಪುಟದ ನೋಟ್‌ಬುಕ್ಕಿಗೆ ಲೆಡ್ಜರ್ ಮಾಡಿ ಇಳಿಸಿದ. ಮೂರು ಜನರ ಹೆಸರಲ್ಲಿ ಬಾಕಿ ತಪ್ಪಿತ್ತು, ಅದರಲ್ಲಿ ಇಬ್ಬರ ಹತ್ತಿರ ಮಾಮ ಜಾಸ್ತಿ ಇಸಕೊಂಡಿದ್ದರು. ಯಾವ ಸ್ಟಡಿ ಸೆಂಟರೂ ಕಲಿಸದ ಪಾಠ ಇದು. ಇದನ್ನು ಸಂಸ್ಥೆಯ ಲೆಕ್ಕಕ್ಕೆ ಹಾಕಬೇಕೋ ಮಾಮನ ಲೆಕ್ಕಕ್ಕೋ ಗೊತ್ತಿಲ್ಲ, ಆದರೆ ಹಗಲು ಅಂಗಡಿ, ರಾತ್ರಿ ಓದು ಅನ್ನುವ ಜೀವನಕ್ಕೆ ಜಾಗ ಕೊಟ್ಟಿದ್ದು ಈ ಬೋರ್ಡೇ ಅಲ್ವಾ. ದಿನಾ ಹಾಜರಾತಿ ಕೇಳುವ ಕಾಲೇಜಿನಲ್ಲಿ ಇದು ಆಗುತ್ತಿರಲಿಲ್ಲ.

ಟಿಎಂಎ ಅಂತ ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟ್ ಇರುತ್ತದೆ. ಅಂಕದಲ್ಲಿ ಶೇಕಡ 20 ಅದಕ್ಕೇ. ಇದಕ್ಕೂ ರೆಡಿಮೇಡ್ ಉತ್ತರ ಮಾರುವವರಿದ್ದಾರೆ, ಪಿಡಿಎಫ್ ಕಳಿಸಿ ದುಡ್ಡು ತಗೊಳ್ಳುತ್ತಾರೆ. ಬೇಡ. ಇಡೀ ವರ್ಷದಲ್ಲಿ ಕೂತು ಬರೆಯುವ ಅಭ್ಯಾಸ ಆಗುವುದು ಇದೊಂದರಿಂದಲೇ. ತಮ್ಮ ಎಕನಾಮಿಕ್ಸಿನ ಟಿಎಂಎಯನ್ನು ಗ್ಯಾರೇಜ್ ಹುಡುಗನ ಹಾಳೆ ನೋಡಿ ಇಳಿಸಿದ್ದ. ಏನಾಯಿತು ಗೊತ್ತಾ? ಏಪ್ರಿಲ್–ಮೇ ಪರೀಕ್ಷೆಯಲ್ಲಿ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್ ಪಾಸು, ಎಕನಾಮಿಕ್ಸ್ ಹೋಯಿತು. ಪಾಸಾಗಲು 33 ಬೇಕು.

ಆದರೆ ಈ ಸಲ ಅವನು ಹಿತ್ತಲಿಗೆ ಹೋಗಲಿಲ್ಲ. ಇಲ್ಲಿ ಪಾಸಾದ ವಿಷಯ ಪಾಸಾಗಿಯೇ ಇರುತ್ತದೆ. ಒಮ್ಮೆ ಸೇರಿದರೆ ಐದು ವರ್ಷದೊಳಗೆ ಒಂಬತ್ತು ಸಲ ಬರೆಯಬಹುದು. ಏಪ್ರಿಲ್–ಮೇ ಒಂದು, ಅಕ್ಟೋಬರ್–ನವೆಂಬರ್ ಒಂದು. ಅದಲ್ಲದೆ ಆನ್ ಡಿಮಾಂಡ್ ಅಂತ, ತಯಾರಾದಾಗ ದಿನ ಗೊತ್ತು ಮಾಡಿಕೊಂಡು ಬರೆಯುವ ಪರೀಕ್ಷೆಯೂ ಇದೆ, ಅದಕ್ಕೆ ನಾವು ಹೋಗಲಿಲ್ಲ. ಅಕ್ಟೋಬರಿನಲ್ಲಿ ಒಂದೇ ವಿಷಯ ಬರೆದ, ಪಾಸಾದ. ತೊಂದರೆ ಎಲ್ಲಿ ಅಂದರೆ, ಆ ಫಲಿತಾಂಶ ಕೈಗೆ ಬರುವ ಹೊತ್ತಿಗೆ ಡಿಗ್ರಿ ಕಾಲೇಜುಗಳ ಅಡ್ಮಿಷನ್ ಮುಗಿದು ಎಷ್ಟೋ ತಿಂಗಳಾಗಿತ್ತು. ಈಗ ಮುಂದಿನ ಜೂನ್ ತನಕ ಕಾಯಬೇಕು. ಒಂಬತ್ತು ಅವಕಾಶ ಅಂತ ಖುಷಿಪಡುವವರು ಇದನ್ನು ಮೊದಲೇ ಲೆಕ್ಕ ಹಾಕಿ. ಅವಕಾಶ ಒಂಬತ್ತಿದ್ದರೂ ಕಾಲೇಜಿನ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ. ಅಂಕಪಟ್ಟಿ ಜೊತೆ ಮೈಗ್ರೇಷನ್ ಸರ್ಟಿಫಿಕೇಟ್ ಬರುತ್ತದೆ, ಅದನ್ನು ಲ್ಯಾಮಿನೇಷನ್ ಗಿಮಿನೇಷನ್ ಮಾಡಿಸದೆ ಹಾಗೇ ಇಡಿ. ಬೇರೆ ಬೋರ್ಡಿನಿಂದ ಬಂದವರಿಗೆ ವಿಶ್ವವಿದ್ಯಾಲಯ ಅರ್ಹತಾ ಪತ್ರ ಕೇಳಬಹುದು, ಯಾವ ಕಾಲೇಜಿಗೆ ಹೋಗುತ್ತೀರೋ ಅಲ್ಲಿ ಮೊದಲೇ ವಿಚಾರಿಸಿ.

ಕೈಕೆಲಸದ ದಾರಿಯ ಬಗ್ಗೆಯೂ ಎರಡು ಮಾತು, ಯಾಕೆಂದರೆ ಇದನ್ನು ಓದುವವರಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಅಪ್ಪ ಅಮ್ಮಂದಿರೂ ಇರುತ್ತೀರಿ. ಕಾಲದಲ್ಲಿ ಹಿಂದಕ್ಕೆ ಹೋಗಲು ಆಗುತ್ತಿದ್ದರೆ ನಾನು ಇವನನ್ನು ಸೈನ್ಸಿಗೆ ಸೇರಿಸುತ್ತಲೇ ಇರಲಿಲ್ಲ. ವೈರು ಸುಲಿಯುವ ಕೈ ಇರುವ ಹುಡುಗ, ಎಸ್ಸೆಸ್ಸೆಲ್ಸಿ ಆದ ಕೂಡಲೇ ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಮಾಡಿದ್ದರೆ ಈ ಹೊತ್ತಿಗೆ ಎಲ್ಲೋ ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ತಗೊಳ್ಳುತ್ತಿದ್ದ. ಐಟಿಐ ಅಂದರೆ ಓದು ಅಲ್ಲಿಗೆ ನಿಂತಿತು ಅಂತ ನಮ್ಮಲ್ಲಿ ಒಂದು ಭಯ. ಹಾಗೇನಿಲ್ಲ. ಎರಡು ವರ್ಷದ ಐಟಿಐ ಆದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಹೋಗಬಹುದು, ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಬಿ.ಇ. ಎರಡನೇ ವರ್ಷ. ಜಿಟಿಟಿಸಿ ಅಂತ ನಮ್ಮ ಸರ್ಕಾರದ್ದೇ ಒಂದು ತರಬೇತಿ ಕೇಂದ್ರ ಇದೆ, 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಶುರುವಾದದ್ದು, ಟೂಲ್ ಅಂಡ್ ಡೈ ಡಿಪ್ಲೊಮಾಗೆ ಹೆಸರುವಾಸಿ. ನಮ್ಮ ಮನೆಯಲ್ಲಿ ಯಾರಿಗೂ ಆಗ ಇದರ ಹೆಸರೇ ಗೊತ್ತಿರಲಿಲ್ಲ. ಎನ್‌ಐಒಎಸ್‌ಗೂ ಐಟಿಐಗೂ ಕೊಂಡಿ ಇದೆ: 2016ರಲ್ಲಿ ಆದ ಒಪ್ಪಂದದಿಂದ, ಐಟಿಐ ಮಾಡಿದವರು ಇಲ್ಲಿ ಕೆಲವು ವಿಷಯ ಬರೆದು ಹನ್ನೆರಡನೇ ತರಗತಿಯ ಸರ್ಟಿಫಿಕೇಟನ್ನೂ ಪಡೆಯಬಹುದು. ಎನ್‌ಐಒಎಸ್‌ನಲ್ಲೇ ಹೊಲಿಗೆ, ಎಲೆಕ್ಟ್ರಿಕಲ್, ಕಂಪ್ಯೂಟರ್, ಬ್ಯೂಟಿ ಕಲ್ಚರ್ ಅಂತ ವೃತ್ತಿ ಕೋರ್ಸುಗಳಿವೆ. ನಮ್ಮ ಬೀದಿಯ ಒಬ್ಬ ಹುಡುಗಿ ಹೊಲಿಗೆ ಕೋರ್ಸ್ ಮಾಡಿದಳು. ಅವಳು ಹೇಳುವ ಪ್ರಕಾರ ಬ್ಲೌಸ್ ಹೊಲಿಯುವುದು ಅವಳಿಗೆ ಮೊದಲೇ ಗೊತ್ತಿತ್ತು, ಅಳತೆಯನ್ನು ಕಾಗದದ ಮೇಲೆ ಡ್ರಾಫ್ಟ್ ಹಾಕುವುದು ಕಲಿತದ್ದು ಅಲ್ಲಿ.

ಹಿಡಿದ ಒಂದೂವರೆ ಅಂಕ ಎಲ್ಲಿಗೆ ಹೋಯಿತು ಅಂದರೆ: ಅರ್ಧ ಬೀಗ ಹಾಕಿದ ಆ ಗೇಟಿಗೆ, ಇನ್ನೊಂದು ಇಡೀ ಅಂಕ ಈ ದಾರಿಯಲ್ಲಿ ಹುಡುಗರನ್ನು ಕೇಳುವವರೇ ಇಲ್ಲ ಅನ್ನುವುದಕ್ಕೆ. ಕಾಲೇಜಿನಲ್ಲಿ ನಾಲ್ಕು ದಿನ ಬರದಿದ್ದರೆ ಮನೆಗೆ ಫೋನ್ ಬರುತ್ತದೆ. ಇಲ್ಲಿ ನಾಲ್ಕು ತಿಂಗಳು ಪುಸ್ತಕ ಮುಟ್ಟದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಇವನಿಗೆ ಬೈಯಲು ನಾನಿದ್ದೆ. ಗ್ಯಾರೇಜಿನ ಹುಡುಗನಿಗೆ ಯಾರೂ ಇಲ್ಲ, ಅವನು ಅಕ್ಟೋಬರಿನಲ್ಲಿ ಪರೀಕ್ಷೆಗೇ ಬರಲಿಲ್ಲ. ತಮ್ಮ ಈಗಲೂ ವಾರಕ್ಕೊಮ್ಮೆ ಫೋನ್ ಮಾಡಿ "ಫೀಸ್ ಕಟ್ಟಿದ್ಯೇನೋ" ಅಂತ ಕೇಳುತ್ತಿರುತ್ತಾನೆ.

ಅಂಗಡಿಯಲ್ಲಿ ಉದ್ರಿ ಪುಸ್ತಕ ಈಗ ಪೂರ್ತಿ ಅವನ ಕೈಗೆ ಬಂದಿದೆ. ತಿಂಗಳ ಕೊನೆಗೆ ಟ್ರಯಲ್ ಬ್ಯಾಲೆನ್ಸ್ ಹಾಕುತ್ತಾನೆ, ಅಂದರೆ ಡೆಬಿಟ್ ಕ್ರೆಡಿಟ್ ಎರಡೂ ಕಡೆಯ ಮೊತ್ತ ಸಮ ಇದೆಯಾ ಅಂತ ನೋಡುತ್ತಾನೆ. ಹೋದ ತಿಂಗಳು ಪುಸ್ತಕದ ನಗದಿಗೂ ಗಲ್ಲಾಪೆಟ್ಟಿಗೆಯಲ್ಲಿ ಎಣಿಸಿದ ನಗದಿಗೂ 340 ರೂಪಾಯಿ ತಾಳೆಯಾಗಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಗೊತ್ತಾಯಿತು, ಮಾಮ ದಿನಾ ಗಲ್ಲಾಪೆಟ್ಟಿಗೆಯಿಂದ ಕಾಫಿಗೆ, ಎಲೆ ಅಡಿಕೆಗೆ ತೆಗೆಯುವ ಚಿಲ್ಲರೆ ಎಲ್ಲೂ ಬರೆದಿರಲಿಲ್ಲ. ಪುಸ್ತಕದಲ್ಲಿ ಇರುವ ಹಾಗೆ ಮಾಮನ ಹೆಸರಿಗೆ ಡ್ರಾಯಿಂಗ್ಸ್ ಅಂತ, ಅಂದರೆ ಮಾಲೀಕ ಸ್ವಂತ ಖರ್ಚಿಗೆ ತೆಗೆದ ದುಡ್ಡು ಅಂತ, ಒಂದು ಖಾತೆ ತೆಗೆದು ಬರೆದಿಟ್ಟ. ಮಾಮ ಕನ್ನಡಕ ಮೇಲಕ್ಕೆತ್ತಿ ಎರಡು ಸಲ ಓದಿದರು. "ನನ್ ಅಂಗಡಿ ದುಡ್ಡಿಗೆ ನನ್ ಹೆಸರಲ್ಲೇ ಸಾಲ ಬರ್ದಿದೀಯೇನೋ?" ಅಂದರು. ಇವನು ತಲೆ ಎತ್ತದೆ, "ಸಾಲ ಅಲ್ಲ ಮಾಮ, ಡ್ರಾಯಿಂಗ್ಸ್" ಅಂದು ಕೆಳಗೆ ಗೆರೆ ಎಳೆದ.